ಮುಖ ನೋಡಲೊಲ್ಲದವರ ನಡುವೆ

1960ರ ಜೂನ್ ತಿಂಗಳಿನಲ್ಲಿ, ಪ್ಯಾರಿಸ್ಸಿಗೆ ಸಮೀಪದ ಮೆಲುನ್ ಎಂಬ ಊರಿಗೆ, ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ಪರವಾಗಿ ಇಬ್ಬರು ದೂತರು ಬಂದಿಳಿದರು. ಫ್ರೆಂಚ್ ಸರ್ಕಾರವು ಅವರನ್ನು ಹೊರಗಿನವರ ಸಂಪರ್ಕವಿಲ್ಲದಂತೆ ಸರ್ಕಾರಿ ಭವನವೊಂದರಲ್ಲಿರಿಸಿ, ಸಮಾನಸ್ಕಂಧರೊಡನೆ ಮಾತನಾಡುವಂತಲ್ಲದೆ ಶರಣಾಗತರಿಗೆ ಷರತ್ತು ವಿಧಿಸುವಂತೆ ವರ್ತಿಸಿತು. ಕೆಲವೇ ದಿನಗಳಲ್ಲಿ ಮಾತುಕತೆ ಮುರಿದುಬಿದ್ದಿತು. ಅವರಲ್ಲಿ ಕಿರಿಯರಾದ ಮೊಹಮ್ಮದ್ ಸದ್ದೀಕ್ ಬೆನ್‌ಯಹಿಯಾ, ಜಿಜೆಲ್ ಪಟ್ಟಣದಲ್ಲಿ 1932ರಲ್ಲಿ ಹುಟ್ಟಿದ ವಕೀಲರು, ಆಗಿನ್ನೂ ಇಪ್ಪತ್ತೆಂಟರ ತರುಣ. ಅಲ್ಜೀರಿಯಾದ ಸ್ವಾತಂತ್ರ್ಯಕ್ಕೆ ದಾರಿ ಮಾಡಿದ 1962ರ ಏವಿಯಾನ್ ಒಪ್ಪಂದದ ಮಾತುಕತೆಯಲ್ಲಿಯೂ ಅವರಿದ್ದರು. ಆದರೂ ಅವರ ಜೀವಿತದ ಶ್ರೇಷ್ಠ ಕಾರ್ಯವೆಂದು ನಾನು ಎಣಿಸುವುದು 1981ರ ಅಲ್ಜಿಯರ್ಸ್ ಒಪ್ಪಂದವನ್ನು. ಅದರ ರಚನೆಯನ್ನು ನೋಡುವಾಗಲೆಲ್ಲ ಮೆಲುನ್ನಿನ ಆ ಅವಮಾನ ನೆನಪಾಗದೆ ಇರದು.

ಆ ಒಪ್ಪಂದ ಬಿಡಿಸಬೇಕಾಗಿದ್ದ ಬಿಕ್ಕಟ್ಟು ಇದು: ತೆಹರಾನಿನಲ್ಲಿ 52 ಮಂದಿ ಅಮೆರಿಕನ್ನರು ಒತ್ತೆಯಲ್ಲಿದ್ದರು. ಇರಾನು ಅಮೆರಿಕದ ಮುಖ ನೋಡಲೊಲ್ಲದು. ಅಮೆರಿಕ ಇರಾನಿನ ಮಾತು ನಂಬಲೊಲ್ಲದು. ವಿದೇಶಾಂಗ ಸಚಿವರಾಗಿದ್ದ ಬೆನ್‌ಯಹಿಯಾ ಮತ್ತು ಅವರ ಸಂಗಡಿಗರು ಎರಡೂ ಕಡೆಗೆ ಓಡಾಡಿ, ಒಂದು ಪಕ್ಷದ ಮಾತನ್ನು ಮತ್ತೊಂದಕ್ಕೆ ಮುಟ್ಟಿಸುವುದಷ್ಟನ್ನೇ ಮಾಡದೆ, ಪ್ರತಿಯೊಂದು ಷರತ್ತಿನ ಅರ್ಥವೇನು, ಅದು ಕಾರ್ಯತಃ ನಡೆಯುವುದು ಹೇಗೆ ಎಂದು ಕೇಳಿ ಕೇಳಿ ತಿಳಿದುಕೊಂಡರು. ಜನವರಿ 19ರಂದು ಹೊರಟ ಪತ್ರವಾದರೋ ಅಲ್ಜೀರಿಯಾ ಸರ್ಕಾರದ ಘೋಷಣೆ. ಉಭಯ ರಾಷ್ಟ್ರಗಳೂ ತಂತಮ್ಮ ಕಡೆಯಿಂದ ಅದಕ್ಕೆ ಬದ್ಧವಾದವು. ಹಣದ ಏರ್ಪಾಡೂ ಇದೇ ತೆರನಾದುದು: ಇರಾನಿನ ಸುಮಾರು 8 ಶತಕೋಟಿ ಡಾಲರು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಲ್ಜೀರಿಯಾದ ಕೇಂದ್ರ ಬ್ಯಾಂಕಿನ ಖಾತೆಗೆ ಬಂದು ನಿಲ್ಲಬೇಕು, 52 ಮಂದಿಯೂ ಸುರಕ್ಷಿತವಾಗಿ ಇರಾನಿನಿಂದ ಹೊರಟರೆಂದು ಅಲ್ಜೀರಿಯಾ ದೃಢೀಕರಿಸಿದ ಬಳಿಕವೇ ಅದು ಕದಲಬೇಕು. ಯಾರೂ ಯಾರ ಮುಂದೆಯೂ ತಲೆಬಾಗಬೇಕಾಗಲಿಲ್ಲ. 444 ದಿನಗಳ ಸೆರೆ ಹೀಗೆ ಮುಗಿಯಿತು. ಎದುರಾಳಿಯ ಮಾನವನ್ನು ಕಾಯದೆ ಒಪ್ಪಂದವಿಲ್ಲವೆಂಬುದನ್ನು, ಒಮ್ಮೆ ತನ್ನ ಮಾನಕ್ಕೆ ಕುಂದು ಬಂದುದನ್ನು ಕಂಡವನಲ್ಲದೆ ಬೇರಾರು ಇಷ್ಟು ಸೂಕ್ಷ್ಮವಾಗಿ ಅರಿಯಬಲ್ಲರು?

ಅವರ ರಾಜಕೀಯ ಜೀವನವೆಲ್ಲ ಈ ಎತ್ತರದ್ದೆಂದು ಹೇಳಲಾರೆ. ಅಲ್ಜೀರಿಯಾದ ನಾಯಕ ಬೂಮೆದಿಯೆನ್ನರ ಏಕಪಕ್ಷದ ಆಳ್ವಿಕೆಯಲ್ಲಿ ಅವರು ವಾರ್ತಾ ಸಚಿವರಾಗಿದ್ದರು. ಪತ್ರಿಕೆಗಳು ಸರ್ಕಾರದ ದನಿಯನ್ನೇ ನುಡಿಯಬೇಕಾಗಿದ್ದ ಕಾಲವದು. ಸಂಧಾನಕಾರನಿಗೆ ಭೂಷಣವಾದ ಮೌನವು ಪ್ರಜೆಗಳ ಮೇಲೆ ಹೇರಲ್ಪಟ್ಟಾಗ ದೋಷವೇ ಆಗುತ್ತದೆ. ಪರರ ಮಾನವನ್ನು ಅಷ್ಟು ಬಲ್ಲವರು ತಮ್ಮವರ ಮಾತಿನ ಹಕ್ಕನ್ನೂ ಕಾಯಬೇಕಾಗಿದ್ದಿತೆಂಬ ಕೊರಗು ನನ್ನನ್ನು ಬಿಡದು.

ಇರಾನ್-ಇರಾಕ್ ಯುದ್ಧದಲ್ಲಿ ಅವರ ವಿಧಾನಕ್ಕೆ ಎಡೆಯೇ ದೊರೆಯಲಿಲ್ಲ. ಆ ಎರಡು ದೇಶಗಳ ನಡುವೆ ಅಲ್ಜಿಯರ್ಸಿನಲ್ಲಿಯೇ 1975ರಲ್ಲಿ ಆಗಿದ್ದ ಗಡಿ ಒಪ್ಪಂದವನ್ನು ಇರಾಕ್ 1980ರಲ್ಲಿ ಧಿಕ್ಕರಿಸಿದ್ದಿತು. ಗೆಲುವನ್ನೇ ಬಯಸುವವರಿಗೆ ಗೌರವದ ಮಾರ್ಗ ತೋರಿಸಿ ಫಲವೇನು? ಆದರೂ 1981ರಲ್ಲಿ ಮಾಲಿ ದೇಶದಲ್ಲಾದ ವಿಮಾನಾಪಘಾತದಿಂದ ಬದುಕಿ ಉಳಿದ ಬೆನ್‌ಯಹಿಯಾ, ದೇಹ ಸುಧಾರಿಸಿದೊಡನೆ ಮತ್ತೆ ಸಂಧಾನಕ್ಕೆ ಹೊರಟರು. 1982ರ ಮೇ 3ರಂದು, ತುರ್ಕಿ ಇರಾನುಗಳ ಗಡಿಯ ಬಳಿ, ತೆಹರಾನಿಗೆ ಹೋಗುತ್ತಿದ್ದ ಅವರ ವಿಮಾನವನ್ನು ಕ್ಷಿಪಣಿಯೊಂದು ಹೊಡೆದುರುಳಿಸಿತು. ಯುದ್ಧವು ಮತ್ತೂ ಆರು ವರ್ಷ ನಡೆಯಿತು.