ಯೂಸುಫ್ ಆಗುವ ಮುನ್ನ ಹಾಡಿದ್ದು

ಕ್ಯಾಟ್ ಸ್ಟೀವನ್ಸ್ 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದ ಕತೆಯನ್ನು ನಾವು ಬಹಳ ಸಲ ಕೇಳಿದ್ದೇವೆ. ಪಾಪ್ ಗಾಯಕನಿದ್ದ, ಗಿಟಾರ್ ಬಿಟ್ಟ, ಪಾರಾದ. ಅವರು ಹಾಡಿದ್ದೇನು ಎಂದು ಕೇಳುವ ತಾಳ್ಮೆ ಮಾತ್ರ ಈ ಕತೆಗಿಲ್ಲ.

1966ರಲ್ಲಿ ಬಂದ ಅವರ ಮೊದಲ ಹಾಡು 'ಐ ಲವ್ ಮೈ ಡಾಗ್'. ಆಗ ಅವರಿಗೆ 18. ಸಾಕುನಾಯಿಯ ಬಗೆಗಿನ ಹಗುರ ಹಾಡೆಂದು ತಳ್ಳಿಹಾಕಬಹುದು. ಆದರೆ ಅದರ ಧಾಟಿ ಅವರದಲ್ಲ. ಅಮೆರಿಕದ ಜಾಝ್ ವಾದಕ ಯೂಸೆಫ್ ಲತೀಫ್ 1961ರಲ್ಲಿ ಧ್ವನಿಮುದ್ರಿಸಿದ್ದ 'ದಿ ಪ್ಲಮ್ ಬ್ಲಾಸಮ್'ನಿಂದ ಎತ್ತಿಕೊಂಡದ್ದು. ಲತೀಫ್ ಆಗಲೇ ಮುಸ್ಲಿಮರಾಗಿದ್ದವರು. ಅಂದರೆ ಯೂಸುಫ್ ಎಂಬ ಹೆಸರಿಡುವುದಕ್ಕೆ ಹತ್ತು ವರ್ಷ ಮೊದಲೇ ಇವರು ಇನ್ನೊಬ್ಬ ಯೂಸುಫರ ಸಾಲಗಾರ! ಇದರಲ್ಲಿ ವಿಧಿಯ ಸೂಚನೆ ಹುಡುಕುವವರು ಹುಡುಕಲಿ. ಅವರು ಮುಂದೆ ಇದನ್ನು ಒಪ್ಪಿಕೊಂಡು ಲತೀಫರಿಗೆ ರಾಯಧನ ಸಲ್ಲಿಸಿದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

'ದಿ ಫಸ್ಟ್ ಕಟ್ ಈಸ್ ದಿ ಡೀಪೆಸ್ಟ್' ಹಾಡನ್ನು ಅವರು 30 ಪೌಂಡಿಗೆ ಗಾಯಕಿ ಪಿ.ಪಿ. ಆರ್ನಾಲ್ಡ್‌ಗೆ ಕೊಟ್ಟರು. ಹಾಡು ಗೆದ್ದದ್ದು ಬೇರೆಯವರ ಕಂಠದಲ್ಲಿ. ಅವರದೇ ಧ್ವನಿಮುದ್ರಣವಿರುವ 1967ರ 'ನ್ಯೂ ಮಾಸ್ಟರ್ಸ್' ಸಂಪುಟ ಸೋತಿತು. ಸೋಲು ಅನ್ಯಾಯವೇನಲ್ಲ. ಹಾಡಿಗಿಂತ ವಾದ್ಯಮೇಳದ ಗದ್ದಲವೇ ಹೆಚ್ಚು. ಆದರೆ ಅದೇ ಸಂಪುಟದಲ್ಲಿ 'ಬ್ಲ್ಯಾಕ್‌ನೆಸ್ ಆಫ್ ದಿ ನೈಟ್' ಇದೆ. ಸಮಾಜ ಹೊರಗಟ್ಟಿದ ಒಬ್ಬ ಅಲೆಮಾರಿಯ ಅಳಲು ಅದು. 2017ರಲ್ಲಿ 'ದಿ ಲಾಫಿಂಗ್ ಆ್ಯಪಲ್' ಸಂಪುಟಕ್ಕಾಗಿ ಅದನ್ನು ಕೆಲವೇ ವಾದ್ಯಗಳೊಂದಿಗೆ ಮತ್ತೆ ಹಾಡಿದರು. ಐವತ್ತು ವರ್ಷ ಹೂತುಹೋಗಿದ್ದ ಪ್ರಶ್ನೆ ಆಗ ಸ್ಪಷ್ಟವಾಗಿ ಕೇಳಿಸಿತು. ದಾರಿ ಹುಡುಕಾಟ 1977ರಲ್ಲಿ ಶುರುವಾದದ್ದಲ್ಲ.

'ಫಾದರ್ ಆ್ಯಂಡ್ ಸನ್' ಹಾಡಿನ ಹಿನ್ನೆಲೆಯೂ ಅನೇಕರಿಗೆ ಗೊತ್ತಿಲ್ಲ. ಅದನ್ನು ಬರೆದದ್ದು ರಷ್ಯಾದ ಕ್ರಾಂತಿಯ ಕುರಿತ 'ರೆವೊಲ್ಯೂಶಿಯಾ' ಎಂಬ ಸಂಗೀತ ನಾಟಕಕ್ಕೆ. ಕ್ರಾಂತಿಗೆ ಹೊರಟ ಮಗ, ತಡೆಯುವ ಅಪ್ಪ. ಸ್ಟೀವನ್ಸ್ ಕ್ಷಯರೋಗದಿಂದ ಹಾಸಿಗೆ ಹಿಡಿದರು, ನಾಟಕ ನಿಂತುಹೋಯಿತು. ಹಾಡು 1970ರಲ್ಲಿ 'ಟೀ ಫಾರ್ ದಿ ಟಿಲ್ಲರ್‌ಮ್ಯಾನ್' ಸಂಪುಟ ಸೇರಿತು. ಮನೆ ಬಿಡುವ ಮಗನ ಪಕ್ಷ ವಹಿಸಿಯೇ ಎಲ್ಲರೂ ಅದನ್ನು ಕೇಳುತ್ತಾರೆ. ಅಪ್ಪನ ಮಾತಿನಲ್ಲೂ ಅಷ್ಟೇ ಪ್ರೀತಿಯಿದೆ ಎಂಬುದು ನನಗೆ ತಡವಾಗಿ ತಿಳಿಯಿತು.

2006ರಲ್ಲಿ ಅವರು ಮತ್ತೆ ಪಾಪ್ ಸಂಪುಟ ತಂದಾಗ, ಸಂಗೀತ ಸಲ್ಲದೆನ್ನುವ ನಮ್ಮವರಿಗೆ ಅದು ಹಿಡಿಸಲಿಲ್ಲ. ಅವರು ಹಳೆಯದನ್ನು ಬಚ್ಚಿಡಲಿಲ್ಲ. 2020ರಲ್ಲಿ ಆ 1970ರ ಸಂಪುಟವನ್ನೇ ಹೊಸದಾಗಿ ಹಾಡಿದರು. ಎಪ್ಪತ್ತು ದಾಟಿದ ಯೂಸುಫ್ ಅಪ್ಪನ ಸಾಲುಗಳನ್ನು ಹಾಡಿದ್ದಾರೆ. ಮಗನ ಸಾಲುಗಳಿಗೆ, ಲಾಸ್ ಏಂಜಲೀಸ್‌ನಲ್ಲಿ 1970ರಲ್ಲಿ ಮುದ್ರಿಸಿದ್ದ 22ರ ಕ್ಯಾಟ್ ಸ್ಟೀವನ್ಸನ ದನಿಯನ್ನೇ ಉಳಿಸಿಕೊಂಡಿದ್ದಾರೆ.