ಈಸ್ಟರ್ ಮೊಲದ ವಂಶಾವಳಿ: ಊಹೆಯೊಂದು ಆಕರವಾದ ಬಗೆ

ಕ್ರೈಸ್ತರ ಈಸ್ಟರ್ ಮೂಲತಃ ಈಯೋಸ್ತ್ರೆ ಎಂಬ ವಸಂತದೇವತೆಯ ಹಬ್ಬವೆಂದೂ ಮೊಟ್ಟೆ, ಮೊಲಗಳು ಅವಳ ಲಾಂಛನಗಳೆಂದೂ ಹೇಳುವ ವಾಡಿಕೆಯುಂಟು. ಇದರ ಆಕರಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಗಿದೆ.

ಈ ದೇವತೆಯನ್ನು ಹೆಸರಿಸುವ ಪ್ರಾಚೀನ ಗ್ರಂಥ ಒಂದೇ. ಇಂಗ್ಲೆಂಡಿನ ಸನ್ಯಾಸಿ ಬೀಡ್ ಕ್ರಿ.ಶ. 725ರ ಸುಮಾರಿಗೆ ರಚಿಸಿದ ಕಾಲಗಣನೆಯ ಲ್ಯಾಟಿನ್ ಕೃತಿಯಲ್ಲಿ, ಆಂಗ್ಲರ ತಿಂಗಳೊಂದಕ್ಕೆ ಅವಳ ಹೆಸರಿತ್ತೆಂದೂ ಆಗ ಅವಳಿಗೆ ಹಬ್ಬ ನಡೆಯುತ್ತಿತ್ತೆಂದೂ ಹೇಳುತ್ತಾನೆ. ಅಲ್ಲಿ ಮೊಟ್ಟೆಯಿಲ್ಲ, ಮೊಲವಿಲ್ಲ. ವಸಂತದೇವತೆಯೆಂಬ ಮಾತೂ ಇಲ್ಲ. 1835ರಲ್ಲಿ ಯಾಕೋಬ್ ಗ್ರಿಮ್, ಬೀಡನ ಮಾತಿಗೆ ಹಬ್ಬದ ಜರ್ಮನ್ ಹೆಸರನ್ನು ಜೋಡಿಸಿ 'ಒಸ್ತಾರಾ' ಎಂಬ ದೇವತೆಯನ್ನು ಪುನಾರಚಿಸಿದನು. 1874ರಲ್ಲಿ ಆಡೋಲ್ಫ್ ಹೋಲ್ಟ್ಸ್‌ಮನ್, ಮೊಲದ ವಿಷಯ ತನಗೆ ಬಗೆಹರಿಯದೆಂದು ಒಪ್ಪಿಯೂ, ಅದು ಬಹುಶಃ ಒಸ್ತಾರಾಳ ಪ್ರಾಣಿಯೆಂದನು. ಮುಂದಿನವರು 'ಬಹುಶಃ' ಎಂಬುದನ್ನು ಕೈಬಿಟ್ಟರು. ಮೊಟ್ಟೆ ತರುವ ಮೊಲವನ್ನು ವಿವರಿಸುವ ಪ್ರಸಿದ್ಧ ಹಳೆಯ ಬರಹ 1682ರದು. ವೈದ್ಯ ಫ್ರಾಂಕ್ ಫಾನ್ ಫ್ರಾಂಕೆನಾವ್‌ನ ಹೆಸರಿನ ಆ ಬರಹ ಇದನ್ನು ಮಕ್ಕಳಿಗೂ ಮುಗ್ಧರಿಗೂ ಹೇಳುವ ಕಟ್ಟುಕಥೆಯೆಂದೇ ಕಾಣುತ್ತದೆ. ಬೀಡನಿಗೂ ಇದಕ್ಕೂ ಒಂಬತ್ತೂವರೆ ಶತಮಾನಗಳ ಅಂತರ.

ಮೊಟ್ಟೆಗೆ ದೇವತೆ ಬೇಕಿಲ್ಲ. ಮಧ್ಯಯುಗದ ಪಶ್ಚಿಮ ಚರ್ಚು ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತದಲ್ಲಿ ಮಾಂಸದೊಂದಿಗೆ ಮೊಟ್ಟೆಯನ್ನೂ ನಿಷೇಧಿಸಿತ್ತು. ಕೋಳಿಗೆ ವ್ರತವಿಲ್ಲವಷ್ಟೆ! ಹಬ್ಬದ ಹೊತ್ತಿಗೆ ಮನೆಗಳಲ್ಲಿ ಮೊಟ್ಟೆ ರಾಶಿ ಬೀಳುತ್ತಿತ್ತು. ಅದು ಊಟವೂ ಆಯಿತು, ಉಡುಗೊರೆಯೂ ಆಯಿತು. 1290ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡನ ಅರಮನೆಯ ಲೆಕ್ಕದಲ್ಲಿ ಈಸ್ಟರಿನ 450 ಮೊಟ್ಟೆಗಳಿಗೆ 18 ಪೆನ್ಸ್ ಖರ್ಚು ದಾಖಲಾಗಿದೆ. ಮೂಲಶೋಧಕರು ಪುರಾಣವನ್ನು ಹುಡುಕಿದಷ್ಟು ಶ್ರದ್ಧೆಯಿಂದ ಅಡುಗೆಮನೆಯನ್ನು ಹುಡುಕಲಿಲ್ಲ.

ಹಬ್ಬವಂತೂ ಆಂಗ್ಲರು ಕ್ರೈಸ್ತರಾಗುವುದಕ್ಕೆ ಬಹು ಹಿಂದಿನದು. ಅದರ ದಿನದ ಬಗೆಗಿನ ವಿವಾದ ಎರಡನೆಯ ಶತಮಾನದಲ್ಲೇ ಎದ್ದಿತ್ತು. ಗ್ರೀಕ್, ಲ್ಯಾಟಿನ್, ಫ್ರೆಂಚ್ ಹೆಸರುಗಳೆಲ್ಲ ಯಹೂದ್ಯರ 'ಪೆಸಾಖ್' ಹಬ್ಬದ ಹೆಸರಿನಿಂದ ಬಂದವು. ಕನ್ನಡ ಬೈಬಲ್ಲಿನ 'ಪಸ್ಕ'ವೂ ಅದೇ ಕುಲದ್ದು. ಇಂಗ್ಲಿಷ್, ಜರ್ಮನ್ ಭಾಷೆಗಳ ಹೆಸರೊಂದರಿಂದ ಇಡೀ ಹಬ್ಬದ ಹುಟ್ಟನ್ನು ಹೇಳುವುದು ಅತಿವ್ಯಾಪ್ತಿ.

1871ರಲ್ಲಿ ಟೈಲರ್ ಪ್ರಚುರಪಡಿಸಿದ 'ಅವಶೇಷ' ಪರಿಕಲ್ಪನೆ ಇಂಥ ಊಹೆಗಳಿಗೆ ಶಾಸ್ತ್ರದ ಮರ್ಯಾದೆ ಕೊಟ್ಟಿತು. ನಮ್ಮ ಜಾನಪದ ಬರವಣಿಗೆಯಲ್ಲೂ ಇದರ ಮೋಹ ಕಡಿಮೆಯೇನಲ್ಲ. ಆಚರಿಸುವವರು ತಮ್ಮ ಆಚರಣೆಗೆ ಕೊಡುವ ಅರ್ಥ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವರು ತಮಗೇ ತಿಳಿಯದ ಯಾವುದೋ ಹಳೆಯ ಮತದ ವಾಹಕರಾಗಿಬಿಡುತ್ತಾರೆ.

ಹಾಗೆಂದು ಈಯೋಸ್ತ್ರೆ ಬೀಡನ ಕಲ್ಪನೆಯೆಂದು ತಳ್ಳಿಹಾಕುವುದೂ ಆತುರವೇ. 1958ರಲ್ಲಿ ಜರ್ಮನಿಯ ಮೊರ್ಕೆನ್-ಹಾರ್ಫ್ ಬಳಿ 'ಆಸ್ಟ್ರಿಯಾಹೇನೆ' ಎಂಬ ಮಾತೃದೇವತೆಗಳಿಗೆ ಸಲ್ಲಿಸಿದ, ರೋಮನ್ ಕಾಲದ 150ಕ್ಕೂ ಹೆಚ್ಚು ಹರಕೆಯ ಶಾಸನಗಳು ದೊರೆತವು. ಇವುಗಳ ಆಧಾರದ ಮೇಲೆ ಫಿಲಿಪ್ ಶಾ 2011ರ ತಮ್ಮ ಕೃತಿಯಲ್ಲಿ ಈಯೋಸ್ತ್ರೆಯನ್ನು ಒಂದು ಸೀಮೆಯ ಸ್ಥಳೀಯ ದೇವತೆಯೆಂದು ಗುರುತಿಸಿದ್ದಾರೆ. ಮೊಲದ ಕಥೆಗೆ ಮಾತ್ರ ಈ ಶಾಸನಗಳು ಏನನ್ನೂ ಸೇರಿಸುವುದಿಲ್ಲ.