ತಾಳುವುದು, ತಪ್ಪಿಸಿಕೊಳ್ಳುವುದು

ಮುಷ್ಟಿಯುದ್ಧದ ಬಗ್ಗೆ ನಾನು ಬರೆಯುತ್ತಿದ್ದೇನೆಂದು ಗೊತ್ತಾದರೆ ನಮ್ಮ ಸ್ಟಾಫ್ ರೂಮಿನಲ್ಲಿ ನಗೆ ಏಳುವುದು ಖಂಡಿತ. ಏಳಲಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಕೂದಲು ನರೆಸಿಕೊಂಡವಳು ನಾನು. ಬೀದಿಯಲ್ಲಿ ಇಬ್ಬರು ಕೈ ಮಿಲಾಯಿಸಿದರೆ ಮುಖ ತಿರುಗಿಸಿ ನಡೆಯುವವಳು. ಒಂದು ಬೇಸಿಗೆ ರಜೆಯಲ್ಲಿ ಮಗ ಹಳೆಯ ಬಾಕ್ಸಿಂಗ್ ಪಂದ್ಯಗಳನ್ನು ನೋಡುತ್ತ ಕುಳಿತಿದ್ದ. ನಾನು ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕಣ್ಣು ತಪ್ಪಿ ಪರದೆಯ ಮೇಲೆ ಬಿತ್ತು. ಅಲ್ಲೊಬ್ಬ, ತಲೆಗೂದಲು ತೆಳುವಾದವನು, ಕೈಗಳನ್ನು ಇಳಿಬಿಟ್ಟುಕೊಂಡು ಹಗ್ಗಕ್ಕೆ ಒರಗಿ ನಿಂತಿದ್ದಾನೆ. ಎದುರಾಳಿ ಒಂದರ ಮೇಲೊಂದು ಗುದ್ದು ಬೀಸುತ್ತಿದ್ದಾನೆ. ಒಂದೂ ತಗಲುತ್ತಿಲ್ಲ.

“ಇವನ್ಯಾಕೋ ಹೊಡೆಯುತ್ತಲೇ ಇಲ್ಲ?” ಎಂದೆ.

“ಹೊಡೆಸಿಕೊಳ್ಳುತ್ತಲೂ ಇಲ್ಲವಲ್ಲಮ್ಮ, ಅದನ್ನು ನೋಡು” ಎಂದ ಮಗ.

ಅಂದು ಹುಣಸೆಹಣ್ಣು ಹಾಗೇ ಉಳಿಯಿತು. ಆಮೇಲೆ ಅವನಿಲ್ಲದಾಗಲೂ ನಾನು ಇಂಥ ಪಂದ್ಯಗಳನ್ನು ಹುಡುಕಿ ನೋಡತೊಡಗಿದೆ.

ಆತನ ಹೆಸರು ನಿಕೋಲಿನೊ ಲೋಚೆ, ಅರ್ಜೆಂಟೀನಾದ ಮೆಂಡೋಜಾ ಸೀಮೆಯವನು. ಅಲ್ಲಿನ ಜನ ಅವನನ್ನು ‘ಕೈಗೆ ಸಿಗದವನು’ ಎಂಬ ಅರ್ಥದ ಅಡ್ಡಹೆಸರಿನಿಂದ ಕರೆಯುತ್ತಿದ್ದರು. 1968ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಆಗಿನ ವಿಶ್ವ ಚಾಂಪಿಯನ್ ಪಾಲ್ ಫ್ಯೂಜಿಯ ಎದುರು ನಿಂತ. ಫ್ಯೂಜಿ ಭಾರಿ ಹೊಡೆತದ ಆಳು. ಒಂಬತ್ತು ಸುತ್ತು ಗಾಳಿಯನ್ನು ಗುದ್ದಿ ಗುದ್ದಿ, ನಡುನಡುವೆ ಲೋಚೆಯ ಹೊಡೆತ ತಿಂದು ಮುಖ ಊದಿಸಿಕೊಂಡು, ಹತ್ತನೆಯ ಸುತ್ತಿಗೆ ಸ್ಟೂಲು ಬಿಟ್ಟು ಏಳಲೇ ಇಲ್ಲ. ಲೋಚೆ ಜೀವಮಾನದಲ್ಲಿ ಗೆದ್ದ ಪಂದ್ಯಗಳು 117. ಅವುಗಳಲ್ಲಿ ಎದುರಾಳಿಯನ್ನು ನಾಕೌಟ್ ಮಾಡಿದ್ದು ಕೇವಲ 14. ಹೆಚ್ಚುಕಡಿಮೆ ಯಾರನ್ನೂ ಕೆಡವದೆ ಜಗತ್ತನ್ನು ಗೆದ್ದವನು ಎನ್ನಬಹುದು.

ಈ ತಪ್ಪಿಸಿಕೊಳ್ಳುವಿಕೆ ಹೆದರಿ ಹಿಂದೆ ಜಿಗಿಯುವುದಲ್ಲ ಎಂಬುದು ನೋಡುತ್ತ ನೋಡುತ್ತ ನನಗೆ ತಿಳಿಯಿತು. ಹಿಂದೆ ಜಿಗಿದರೆ ಗುದ್ದು ತಪ್ಪುತ್ತದೆ ನಿಜ, ಆದರೆ ನಮ್ಮ ಕೈಗೂ ಎದುರಾಳಿ ಸಿಗುವುದಿಲ್ಲ. ಬಲ್ಲವನು ಇದ್ದಲ್ಲೇ ಇದ್ದು ತಲೆಯನ್ನು ಎರಡು ಬೆರಳಷ್ಟು ಪಕ್ಕಕ್ಕೆ ಸರಿಸುತ್ತಾನೆ. ಇಲ್ಲವೆ ಬಂದ ಮುಷ್ಟಿಯನ್ನು ಅಂಗೈಯಿಂದ ನೊಣ ಓಡಿಸಿದಂತೆ ತಟ್ಟಿಬಿಡುತ್ತಾನೆ. ಭುಜ ತಿರುಗಿಸಿ ಜಾರಿಸುತ್ತಾನೆ. ಮೊಣಕಾಲು ಬಗ್ಗಿಸಿ ಅಡಿಯಿಂದ ನುಸುಳುತ್ತಾನೆ. ಅಭ್ಯಾಸದ ಮನೆಯಲ್ಲಿ ಒಂದು ಹಗ್ಗ ಕಟ್ಟಿ, ಅದರಡಿಯಲ್ಲಿ ಅತ್ತಿಂದಿತ್ತ ಬಗ್ಗಿ ಏಳುತ್ತ ನಡೆಯುವುದನ್ನು ತಿಂಗಳುಗಟ್ಟಲೆ ಕಲಿಸುತ್ತಾರಂತೆ. ಕಣ್ಣಿಗೂ ಪಾಠವುಂಟು: ಮುಷ್ಟಿಯನ್ನು ನೋಡಬೇಡ, ಎದೆಯನ್ನು, ಭುಜವನ್ನು ನೋಡು. ಕೈ ಬರುವ ಮೊದಲು ಭುಜ ಸುಳಿವು ಕೊಡುತ್ತದೆ. ಇದನ್ನು ಓದಿದಾಗ, ಗಂಡಸು ಚಪ್ಪಲಿ ಬಿಡುವ ಸದ್ದಿನಲ್ಲೇ ಆ ದಿನದ ಸಿಟ್ಟನ್ನು ಅಳೆಯುವ ಹೆಂಗಸರ ನೆನಪಾಯಿತು.

ಇಲ್ಲಿ ನನ್ನದೊಂದು ತಕರಾರಿದೆ. ಬಾಕ್ಸಿಂಗಿನ ರಕ್ಷಣೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಲೋಚೆಯಲ್ಲ, ಮಹಮ್ಮದ್ ಅಲಿ. 1974ರ ಅಕ್ಟೋಬರ್ 30ರಂದು ಜೈರೆ ದೇಶದ ಕಿನ್‌ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ, ತನಗಿಂತ ಏಳು ವರ್ಷ ಕಿರಿಯನಾದ ಜಾರ್ಜ್ ಫೋರ್‌ಮನ್‌ನಿಂದ ಹೊಡೆಸಿಕೊಳ್ಳುತ್ತ ಹೋದ. ಫೋರ್‌ಮನ್ ದಣಿದ, ಎಂಟನೆಯ ಸುತ್ತಿನಲ್ಲಿ ಅಲಿ ಅವನನ್ನು ಕೆಡವಿದ. ತಂತ್ರ ದೊಡ್ಡದೇ. ತಲೆಗೆ ಬಂದ ಎಷ್ಟೋ ಹೊಡೆತಗಳನ್ನು ಅವನು ತೋಳಿನಲ್ಲಿ ತಡೆದ, ಹಿಂದಕ್ಕೆ ಬಾಗಿ ತಪ್ಪಿಸಿದ. ಆದರೆ ಪಕ್ಕೆಗೆ, ತೋಳಿಗೆ ಬಿದ್ದವುಗಳ ಲೆಕ್ಕವೇನು? ಸೇನೆಗೆ ಸೇರಲು ಒಪ್ಪದ್ದಕ್ಕಾಗಿ 1967ರಲ್ಲಿ ಅವನನ್ನು ರಿಂಗಿನಿಂದ ಹೊರಗಿಟ್ಟರು. ಅದಕ್ಕೆ ಮೊದಲಿನ ಅಲಿಯನ್ನು ನೋಡಿ. 1966ರಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರು ಆಡಿದವನನ್ನು. ಹೊಡೆತ ಬರುವಷ್ಟರಲ್ಲಿ ಅವನು ಅಲ್ಲಿರುತ್ತಲೇ ಇರಲಿಲ್ಲ. ಮೂರು ವರ್ಷಕ್ಕೂ ಮಿಕ್ಕಿದ ಬಿಡುವಿನ ನಂತರ ಮರಳಿದವನಿಗೆ ಆ ಕಾಲುಗಳಿರಲಿಲ್ಲ. ಆಗ ತಾಳಿಕೊಳ್ಳುವುದನ್ನೇ ರಕ್ಷಣೆ ಮಾಡಿಕೊಂಡ. 1984ರಲ್ಲಿ, 42ರ ವಯಸ್ಸಿನಲ್ಲಿ, ಪಾರ್ಕಿನ್‌ಸನ್ ರೋಗವೆಂದರು. ಅದಕ್ಕೆ ಗುದ್ದುಗಳೇ ಕಾರಣವೆಂದು ಎಲ್ಲ ವೈದ್ಯರೂ ಒಂದೇ ಬಾಯಿಂದ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ತಾಳಿಕೊಳ್ಳುವುದು ಧೈರ್ಯವಿರಬಹುದು, ಉಪಾಯವಿರಬಹುದು, ಅದನ್ನು ರಕ್ಷಣೆಯ ಕಲೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಕಲೆ ಬೇಕಿದ್ದರೆ ಪರ್ನೆಲ್ ವಿಟೇಕರ್‌ನ ಬಳಿ ಹೋಗಬೇಕು. ಅಮೆರಿಕದ ನಾರ್ಫೋಕ್ ಪಟ್ಟಣದ ಎಡಗೈಯವನು, 1984ರ ಒಲಿಂಪಿಕ್ ಚಿನ್ನದ ಪದಕದವನು. 1993ರ ಸೆಪ್ಟೆಂಬರ್ 10ರಂದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಅವನಿಗೆ ಎದುರಾದವನು, 87 ಪಂದ್ಯಗಳಲ್ಲಿ ಒಮ್ಮೆಯೂ ಸೋಲದ ಮೆಕ್ಸಿಕೋದ ಹೂಲಿಯೊ ಸೆಸಾರ್ ಚಾವೇಸ್. ಸೇರಿದ್ದ ಜನಸಾಗರದಲ್ಲಿ ಬಹುಪಾಲು ಚಾವೇಸನ ಕಡೆಯವರೇ. ವಿಟೇಕರ್ ಬಗ್ಗುತ್ತಾನೆ, ತಿರುಗುತ್ತಾನೆ, ಪಕ್ಕಕ್ಕೆ ಬಂದು ಚುರುಕಾಗಿ ಎರಡು ಕೊಟ್ಟು ಸರಿಯುತ್ತಾನೆ. ಚಾವೇಸ್ ಹೊಡೆದಾಗೆಲ್ಲ, ತಗಲಲಿ ಬಿಡಲಿ, ಜನ ಹೋ ಎನ್ನುತ್ತಾರೆ. ಹನ್ನೆರಡು ಸುತ್ತು ಮುಗಿದವು. ಒಬ್ಬ ತೀರ್ಪುಗಾರ 115–113 ಎಂದು ವಿಟೇಕರ್‌ಗೆ ಕೊಟ್ಟ. ಉಳಿದಿಬ್ಬರೂ 115–115 ಸಮ ಎಂದರು. ಪಂದ್ಯ ಡ್ರಾ. ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಮುಖಪುಟದಲ್ಲೇ ಇದನ್ನು ದರೋಡೆ ಎಂದು ಕರೆಯಿತು.

ತೀರ್ಪುಗಾರರು ನೋಡಬೇಕಾದ ನಾಲ್ಕು ಅಂಶಗಳಲ್ಲಿ ರಕ್ಷಣೆಯೂ ಒಂದು. ಪುಸ್ತಕದಲ್ಲಿದೆ, ಕಣ್ಣಿನಲ್ಲಿಲ್ಲ. ತಗಲಿದ ಗುದ್ದಿಗೆ ಸದ್ದಿದೆ, ತಪ್ಪಿದ ಗುದ್ದಿಗೆ ಸದ್ದಿಲ್ಲ. ಸದ್ದಿಲ್ಲದ್ದಕ್ಕೆ ಅಂಕ ಹಾಕಲು ಗಮನ ಬೇಕು. ಸಾವಿರಾರು ಉತ್ತರಪತ್ರಿಕೆ ತಿದ್ದಿದವಳು ನಾನು, ಬರೆದದ್ದಕ್ಕೆ ಅಂಕ ಹಾಕುವುದೇ ನಮಗೆ ಸುಲಭ. ಇಂಥ ಆಟಗಾರರ ಮೇಲೆ ಹಳೆಯ ದೂರೊಂದಿದೆ: ‘ಓಡುತ್ತಾನೆ’ ಎಂದು. ನಿಜ, ವಿಟೇಕರ್ ಕೆಲವೊಮ್ಮೆ ಕೋಡಂಗಿಯಾಟ ಆಡಿ ಜನರನ್ನು ಕೆಣಕುತ್ತಿದ್ದ. ಅದು ನನಗೂ ರುಚಿಸದು. ಆದರೆ ಆ ಪಂದ್ಯದಲ್ಲಿ ಅವನು ಓಡಲಿಲ್ಲ. ತೋಳಳತೆಯೊಳಗೇ ಇದ್ದು, ತನ್ನನ್ನು ಮುಟ್ಟಗೊಡಲಿಲ್ಲ.

ಈಗ ನನ್ನ ತಪ್ಪಿನ ಮಾತು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯುವುದನ್ನು ಎಷ್ಟು ತರಗತಿಗಳಿಗೆ ಕಲಿಸಿದೆನೋ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಸೆಖೆಯ ದಿನ, ಸೆರಗನ್ನು ತೋಳಿನ ಮೇಲೆ ಎಳೆದುಕೊಂಡೇ ಕೂತಿದ್ದಳು. ಕೇಳಿದೆ, ಹೇಳಿದಳು. ನಾನು ಕಾಫಿ ಕೊಟ್ಟು, “ಸ್ವಲ್ಪ ತಾಳಿಕೊ, ಎಲ್ಲ ಸರಿಹೋಗುತ್ತೆ” ಎಂದೆ. “ಗಾದೆ ನೀವೇ ಹೇಳಿಕೊಟ್ಟಿದ್ರಲ್ಲ ಟೀಚರ್” ಎಂದು ನಕ್ಕಳು. ಆ ನಗುವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಆರು ತಿಂಗಳ ಮೇಲೆ, ಒಂದು ಬೆಳಗಿನ ಬಸ್ಸಿಗೆ ಮಗುವನ್ನು ಕರೆದುಕೊಂಡು ಅವಳು ಊರು ಬಿಟ್ಟಳು. ಈಗ ಬೇರೊಂದು ಊರಿನಲ್ಲಿ ಹೊಲಿಗೆ ಮಾಡಿ ಬದುಕುತ್ತಿದ್ದಾಳೆ. ನಮ್ಮ ಬೀದಿ ತೀರ್ಪು ಕೊಟ್ಟಿತು: “ಓಡಿಹೋದಳು.” ಅಂದು ನಾನೂ ಬಾಯಿಬಿಟ್ಟು ಅಲ್ಲವೆನ್ನಲಿಲ್ಲ.

ರಿಂಗಿಗೂ ಮನೆಗೂ ಹೋಲಿಕೆ ಪೂರ್ತಿ ಸಲ್ಲದು, ಬಲ್ಲೆ. ರಿಂಗಿಗೆ ಇಬ್ಬರೂ ಒಪ್ಪಿ ಇಳಿಯುತ್ತಾರೆ. ಇಬ್ಬರ ತೂಕವೂ ಸಮ. ಮೂರು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತದೆ. ನಡುವೆ ಬಂದು ಬಿಡಿಸಲು ರೆಫರಿ ಇದ್ದಾನೆ. ಅವಳಿಗೆ ಇವು ಯಾವುವೂ ಇರಲಿಲ್ಲ. ಗಂಟೆಯನ್ನೂ ಅವಳೇ ಬಾರಿಸಿಕೊಳ್ಳಬೇಕಾಯಿತು.

ಗಾದೆಯ ಪಾಠವನ್ನು ಈಗಲೂ ಮಾಡುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತಾರಲ್ಲ. ಹಸಿವು, ಬಿಸಿಲು, ಕಾಯಿಲೆ, ಕಷ್ಟಕಾಲ ಇವನ್ನೆಲ್ಲ ತಾಳಬೇಕೆಂದು ಹೇಳಿಕೊಡುತ್ತೇನೆ. ಆಮೇಲೆ ಪುಸ್ತಕ ಮಡಿಸಿ, ಪರೀಕ್ಷೆಗೆ ಬೇಡದ ಒಂದು ಮಾತು ಸೇರಿಸುತ್ತೇನೆ: ಬೀಸಿ ಬಂದ ಕೈ ಈ ಪಟ್ಟಿಯಲ್ಲಿಲ್ಲ. ಹಿಂದಿನ ಬೆಂಚಿನ ಹುಡುಗಿಯರು ತಲೆ ಎತ್ತಿ ನೋಡುತ್ತಾರೆ.